ಗೋವಾ ಮಳೆಗೆ ನಿಲ್ಲುವ ಮಾಡು: ಹೆಂಚಾ, ಪತ್ರಾನಾ, ಸ್ಲ್ಯಾಬಾ?

2018ರ ಜೂನ್‌ನಲ್ಲಿ ಒಂದು ರಾತ್ರಿ ಒಂದೂವರೆ ಗಂಟೆಗೆ ನಾನು ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ, ಕುಕ್ಕರು, ಮಗಳ ಬಣ್ಣದ ಬಕೆಟ್ಟು ಎಲ್ಲವನ್ನೂ ನೆಲದ ಮೇಲೆ ಜೋಡಿಸುತ್ತಾ ನಿಂತಿದ್ದೆ. ತಲೆ ಮೇಲಿದ್ದದ್ದು ಹಳೇ ಹೆಂಚಲ್ಲ. ಎರಡೇ ಮಳೆಗಾಲ ಕಂಡ ಹೊಸ ಪತ್ರಾ, ಅಂದರೆ ತಗಡಿನ ಶೀಟು. ಸೋರುತ್ತಿದ್ದದ್ದು ಏಳು ಕಡೆ. ತಮಾಷೆ ಅಂದರೆ ಅದೇ ಮನೆಯ ಮುಂದಿನ ಭಾಗದಲ್ಲಿ, ನಾನು ಕೊಳ್ಳುವಾಗಲೇ ಇದ್ದ, ಯಾರೋ ಯಾವ ಕಾಲದಲ್ಲೋ ಹೊದಿಸಿದ ಹೆಂಚಿನ ಮಾಡು ಒಂದು ಹನಿಯನ್ನೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಮೇಲೆ ಹತ್ತಿ ನೋಡಿದರೆ ಪತ್ರಾಕ್ಕೆ ಏನೂ ಆಗಿರಲಿಲ್ಲ. ಬಣ್ಣ ಕೂಡ ಹೊಳೆಯುತ್ತಿತ್ತು. ಹಾಳಾಗಿದ್ದು ಸ್ಕ್ರೂಗಳು. ತಲೆ ತುಕ್ಕು ಹಿಡಿದು, ಕೆಳಗಿನ ರಬ್ಬರ್ ವಾಷರ್ ಒಡೆದು ಪುಡಿಯಾಗಿತ್ತು. ಲಕ್ಷದ ಕೆಲಸವನ್ನು ಕೆಲವೇ ರೂಪಾಯಿಯ ಸ್ಕ್ರೂ ಕೆಡಿಸಿತ್ತು.

ನಾನು ಮೂಲತಃ ಕುಮಟಾ ಕಡೆಯವನು, ಈಗ ಮನೆ ಫೋಂಡಾ ಹತ್ತಿರ. ಮಾಡಿನ ಕೆಲಸ ನನ್ನ ಉದ್ಯೋಗವಲ್ಲ. ಆದರೆ ಅದೇ ಮನೆಗೆ ಮೂರು ಸಲ ಮಾಡಿನ ಕೆಲಸ ಮಾಡಿಸಿದ್ದೇನೆ, ವಾಸ್ಕೋ, ಝುವಾರಿನಗರ, ಮಡಗಾಂವ್ ಕಡೆಯ ನಮ್ಮ ಕನ್ನಡದ ಗೆಳೆಯರ ನಾಲ್ಕೈದು ಮನೆಗಳ ಕೆಲಸಕ್ಕೂ ಸುಮ್ನೆ ಮೂಗು ತೂರಿಸಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಹೆಂಚು ಒಳ್ಳೇದಾ, ಪತ್ರಾ ಒಳ್ಳೇದಾ" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಳಿಜಾರು ಎಷ್ಟು, ಕೆಳಗಿನ ಚೌಕಟ್ಟು ಎಷ್ಟು ಭಾರ ಹೊರುತ್ತದೆ, ಸಮುದ್ರ ಎಷ್ಟು ದೂರ, ಮುಂದಿನ ವರ್ಷ ರಿಪೇರಿಗೆ ಮೇಲೆ ಹತ್ತುವವರು ಯಾರು, ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಏನು ಹೊದಿಸಬೇಕು ಅನ್ನೋದು ಮುಕ್ಕಾಲು ಭಾಗ ತಾನೇ ತೀರ್ಮಾನವಾಗಿರುತ್ತದೆ.

ಮೊದಲ ಕೆಲಸ: ನಿಜವಾಗಿ ಹೊಸ ಮಾಡು ಬೇಕಾ ನೋಡಿ

ಸೋರುತ್ತಿದೆ ಅಂದ ಕೂಡಲೇ ಎಲ್ಲ ಕಿತ್ತು ಹಾಕಬೇಡಿ. ಮಳೆ ಬರುತ್ತಿರುವಾಗಲೇ ಟಾರ್ಚ್ ಹಿಡಿದು ಒಳಗಿನಿಂದ ನೋಡಿ. ಹನಿ ಬೀಳುವ ಜಾಗ ಒಂದು, ನೀರು ಒಳಗೆ ಬರುವ ಜಾಗ ಇನ್ನೊಂದು. ಪಕಾಸಿನ (ಇಳಿಜಾರಾಗಿ ಕೂರಿಸಿದ ಮರದ ತೊಲೆ) ಮೇಲೆ, ಪೈಪಿನ ಮೇಲೆ ನಾಲ್ಕೈದು ಅಡಿ ಹರಿದು ಬಂದು ಆಮೇಲೆ ಬೀಳುತ್ತದೆ. ಆದ್ದರಿಂದ ಹನಿಯಿಂದ ನೆತ್ತಿಯ ಕಡೆಗೆ ನೋಡುತ್ತಾ ಹೋಗಿ, ಒದ್ದೆ ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ.

ಮಳೆ ಎಲ್ಲ ಒಂದೇ ಥರ ಇರಲ್ಲ, ಅದನ್ನೂ ಗಮನಿಸಿ. ನೆಟ್ಟಗೆ ಸುರಿಯುವಾಗ ಸೋರದೆ, ಗಾಳಿ ಜೊತೆ ಓರೆಯಾಗಿ ಹೊಡೆದಾಗ ಮಾತ್ರ ಸೋರಿದರೆ ತಪ್ಪು ಅಂಚಿನಲ್ಲೋ ಗೋಡೆ ಸಂದಿನಲ್ಲೋ ಇದೆ. ಅರ್ಧ ಗಂಟೆ ಜೋರಾಗಿ ಸುರಿದ ಮೇಲೆ ಶುರುವಾದರೆ ಎಲ್ಲೋ ನೀರು ಕಟ್ಟಿಕೊಂಡು ಉಕ್ಕುತ್ತಿದೆ, ಹೆಚ್ಚಾಗಿ ಎಲೆ ತುಂಬಿದ ಗಟರ್. ಒಂದು ಒಡೆದ ಹೆಂಚು ಬದಲಿಸಿ ಮುಗಿಯುವ ಕೆಲಸಕ್ಕೆ ಇಡೀ ಮಾಡು ಇಳಿಸಿದವರನ್ನು ನಾನು ನೋಡಿದ್ದೇನೆ.

ಪಕಾಸುಗಳಿಗೆ, ಅವುಗಳ ಮೇಲೆ ಹೆಂಚು ಕೂರಲು ಅಡ್ಡಕ್ಕೆ ಹೊಡೆದ ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲೋ ಕೊಳೆಯೋ ಇದೆ. ಆಗ ಮಾತ್ರ ದೊಡ್ಡ ಕೆಲಸಕ್ಕೆ ತಯಾರಾಗಿ.

ಅಳತೆ: ಒಂದು ಕೋಲು, ಒಂದು ಟೇಪು ಸಾಕು

ಇಳಿಜಾರು ಅಳೆಯಲು ಎಂಜಿನಿಯರ್ ಬೇಕಿಲ್ಲ. ಒಂದು ಮೀಟರ್ ಉದ್ದದ ನೇರ ಕೋಲನ್ನು ಮಟ್ಟಸವಾಗಿ ಹಿಡಿಯಿರಿ, ಒಂದು ತುದಿ ಪಕಾಸಿಗೆ ತಾಗಿರಲಿ. ಇನ್ನೊಂದು ತುದಿಯಿಂದ ಪಕಾಸಿಗೆ ನೇರ ಕೆಳಗೆ ಎಷ್ಟು ಸೆಂಟಿಮೀಟರ್ ಇದೆ ನೋಡಿ. 58 ಬಂದರೆ 30 ಡಿಗ್ರಿ. 47 ಬಂದರೆ 25 ಡಿಗ್ರಿ. 18 ಅಂದರೆ 10 ಡಿಗ್ರಿ.

ಗೋವಾದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪುಣೆಯಲ್ಲಿ ಬರುವುದು ಸುಮಾರು ಇದರ ಕಾಲು ಭಾಗ. ಹಾಗಾಗಿ ಪುಣೆಯ ಭಾವ "ನಮ್ಮಲ್ಲಿ 20 ಡಿಗ್ರಿಗೇ ಹೆಂಚು ಹಾಕಿದ್ದೇವೆ, ಏನೂ ಆಗಿಲ್ಲ" ಅಂದರೆ ನಕ್ಕು ಸುಮ್ಮನಾಗಿ. ಇಲ್ಲಿ ಮಂಗಳೂರು ಹೆಂಚಿಗೆ 30 ಡಿಗ್ರಿ ಬೇಕು, 25ಕ್ಕಿಂತ ಕಡಿಮೆಯಾದರೆ ಗಾಳಿ ಮಳೆ ನೀರನ್ನು ಹೆಂಚಿನ ಸಂದಿಯಲ್ಲಿ ಮೇಲಕ್ಕೆ ತಳ್ಳುತ್ತದೆ. ಪತ್ರಾ ಇದಕ್ಕಿಂತ ಬಹಳ ಕಡಿಮೆ ಇಳಿಜಾರಿಗೂ ನಡೆಯುತ್ತದೆ, ಆದರೂ 10 ಡಿಗ್ರಿಗಿಂತ ಕೆಳಗೆ ಇಳಿಯಬೇಡಿ ಅನ್ನೋದು ನನ್ನ ಸಲಹೆ.

ಇನ್ನು ವಿಸ್ತೀರ್ಣ. ಗೋಡೆಯಿಂದ ಗೋಡೆಗೆ 30 ಅಡಿ, 24 ಅಡಿ ಇರುವ ಮನೆ ಅಂದುಕೊಳ್ಳಿ. ಸೂರು ನಾಲ್ಕೂ ಕಡೆ ಎರಡೂವರೆ ಅಡಿ ಹೊರಗೆ ಬರಲಿ. (ಇಲ್ಲಿ ಇದಕ್ಕಿಂತ ಕಡಿಮೆ ಬಿಟ್ಟರೆ ಚಿರೆಕಲ್ಲಿನ ಗೋಡೆ ಮಳೆಗಾಲವಿಡೀ ನೀರು ಕುಡಿಯುತ್ತದೆ. ಹಿಂದಿನವರು ಗೋಡೆಗೆ ತೆಂಗಿನ ಗರಿ ಹೆಣೆದು ಕಟ್ಟುತ್ತಿದ್ದದ್ದು ಚೆಂದಕ್ಕಲ್ಲ.) ಅಂದರೆ 35 ಗುಣಿಸು 29, ನೆಲದ ಲೆಕ್ಕದಲ್ಲಿ 1015 ಚದರ ಅಡಿ. 30 ಡಿಗ್ರಿ ಇಳಿಜಾರಿಗೆ ಅದನ್ನು 1.155ರಿಂದ ಗುಣಿಸಿ: ಸುಮಾರು 1172 ಚದರ ಅಡಿ. ಈ ಒಂದು ಸಂಖ್ಯೆ ನಿಮ್ಮ ಕೈಯಲ್ಲಿದ್ದರೆ ಅರ್ಧ ಮೋಸ ತಪ್ಪುತ್ತದೆ, ಯಾಕೆಂದರೆ ಕೆಲವರು ನೆಲದ ಲೆಕ್ಕದಲ್ಲಿ ದರ ಹೇಳಿ ಇಳಿಜಾರಿನ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ.

ಭಾರ: ಇಲ್ಲೇ ನಿರ್ಧಾರ ಆಗುವುದು

ಮಂಗಳೂರು ಹೆಂಚು 100 ಚದರ ಅಡಿಗೆ ಸುಮಾರು 140 ಬೇಕು. ನಮ್ಮ 1172ಕ್ಕೆ 1640, ಒಡೆಯುವುದಕ್ಕೆ ಅಂತ ನೂರು ಸೇರಿಸಿ. ಒಂದು ಹೆಂಚು ಎರಡೂವರೆಯಿಂದ ಮೂರು ಕೆಜಿ ತೂಗುತ್ತದೆ. ಅಂದರೆ ಮಾಡಿನ ಮೇಲೆ ನಾಲ್ಕರಿಂದ ಐದು ಟನ್! ಮಳೆಗಾಲದಲ್ಲಿ ನೀರು ಹೀರಿಕೊಂಡರೆ ಇನ್ನೂ ನಾಲ್ಕೈದು ನೂರು ಕೆಜಿ. ಅದೇ ಜಾಗಕ್ಕೆ ಅರ್ಧ ಮಿಲಿಮೀಟರ್ ಉಕ್ಕಿನ ಪತ್ರಾ ಹಾಕಿದರೆ ಎಲ್ಲ ಸೇರಿ ಅರ್ಧ ಟನ್ ಆಸುಪಾಸು.

ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಹಳೇ ಪತ್ರಾದ ಸಣ್ಣ ಪೈಪಿನ ಚೌಕಟ್ಟಿನ ಮೇಲೆ ಹೆಂಚು ಹೊದಿಸುವ ಯೋಚನೆಯನ್ನು ಬಿಟ್ಟುಬಿಡಿ. ಹಳೇ ಹೆಂಚಿನ ಮನೆಗೆ ಪತ್ರಾ ಹಾಕುವುದು ಭಾರದ ಮಟ್ಟಿಗೆ ಸುಲಭ, ಆದರೆ ಅಲ್ಲಿ ಉಲ್ಟಾ ಚಿಂತೆ: ಹೆಂಚು ತನ್ನ ಭಾರದಿಂದಲೇ ಕೂತಿರುತ್ತದೆ, ಪತ್ರಾವನ್ನು ಗಾಳಿ ಎತ್ತುತ್ತದೆ. ಚೌಕಟ್ಟನ್ನು ಗೋಡೆಗೆ, ಗೋಡೆ ಮೇಲಿನ ಕಾಂಕ್ರೀಟ್ ಬೆಲ್ಟಿಗೆ ಬೋಲ್ಟ್ ಹಾಕಿ ಬಿಗಿಯಲೇಬೇಕು.

ಚೌಕಟ್ಟು ಮರದ್ದೋ ಕಬ್ಬಿಣದ್ದೋ? ಒಳ್ಳೆ ಮರ ಸಿಕ್ಕರೆ ಮರಕ್ಕೆ ಸಮ ಇಲ್ಲ. ಮತ್ತಿ, ಸಾಗವಾನಿ, ಬಲಿತ ಹಲಸು. ಹಸಿ ಮರ ತಂದು ಏರಿಸಿದರೆ ಮಾತ್ರ ಒಂದೇ ಬೇಸಿಗೆಗೆ ತಿರುಚಿಕೊಂಡು ಹೆಂಚಿನ ಸಾಲೆಲ್ಲ ಅಲೆಅಲೆಯಾಗುತ್ತದೆ. ಕಬ್ಬಿಣದ ಪೈಪಾದರೆ ವೆಲ್ಡಿಂಗ್ ಆದ ಜಾಗವೇ ಮೊದಲು ತುಕ್ಕು ಹಿಡಿಯುವುದು. ವೆಲ್ಡಿಂಗ್ ಮುಗಿದ ಮೇಲೆ ಆ ಕಪ್ಪು ಪದರ ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಮೇಲೆ ಎರಡು ಕೈ ಪೇಂಟ್. ಪೈಪಿನ ತೆರೆದ ಬಾಯಿಗಳನ್ನು ಮುಚ್ಚಿಸಿ, ಇಲ್ಲದಿದ್ದರೆ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಏನೂ ಕಾಣಲ್ಲ.

ಹೆಂಚು

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಕರಾವಳಿ ಉದ್ದಕ್ಕೂ ಹಬ್ಬಿತು. ಗೋವಾದ ಹಳೇ ಮನೆಗಳ ಹೆಂಚು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ಊರು ಮಂಗಳೂರು ಅಂತಲೇ ಇರುವುದು ಬಹಳ ಸಲ. ನನಗಂತೂ ಅದನ್ನು ಓದಿದಾಗ ಊರಿನವರು ಸಿಕ್ಕಷ್ಟೇ ಖುಷಿ.

ಆ ಹೆಸರು ಬರೀ ಖುಷಿಗಲ್ಲ, ಕೆಲಸಕ್ಕೂ ಬೇಕು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳಲ್ಲ. ನೋಡಲು ಒಂದೇ ಥರ, ಆದರೆ ತೋಡಿನ ಅಳತೆಯಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ. ಹತ್ತು ಹೆಂಚು ದಾಟುವಷ್ಟರಲ್ಲಿ ಸಾಲು ಓರೆಯಾಗಿರುತ್ತದೆ. ಆದ್ದರಿಂದ ಹಳೇ ಹೆಂಚು ಕೊಳ್ಳುವಾಗ (ಕೆಡವಿದ ಮನೆಗಳದ್ದು ಚೆನ್ನಾಗಿ ಬಲಿತಿರುತ್ತದೆ, ಕೊಳ್ಳಲು ಹೆದರಬೇಡಿ) ಎಲ್ಲ ಒಂದೇ ಅಚ್ಚಿನದ್ದಾ ನೋಡಿ. ರಿಪೇರಿಗೆ ಬೇಕಾದರೆ ನಿಮ್ಮ ಮನೆಯ ಒಂದು ಹೆಂಚನ್ನು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಹೊಸ ಹೆಂಚಿನ ಪರೀಕ್ಷೆ ಹೀಗೆ. ಒಂದು ಕೈಯಲ್ಲಿ ನೇತಾಡುವ ಹಾಗೆ ಹಿಡಿದು ಗೆಣ್ಣಿನಿಂದ ಬಡಿಯಿರಿ. ಟಣ್ ಅನ್ನಬೇಕು. ದಬ್ ಅಂದರೆ ಬಿರುಕಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಆಮೇಲೆ ಒಂದು ಹೆಂಚು ಮನೆಗೆ ತಂದು ಒಣಗಿದಾಗ ತೂಗಿ, ಒಂದು ದಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡೂವರೆ ಕೆಜಿಯ ಹೆಂಚು ಮೂರು ಕೆಜಿ ದಾಟಿತಾ? ಬೇಡ. ಐದನೇ ಒಂದು ಭಾಗದಷ್ಟು ನೀರು ಕುಡಿಯುವ ಹೆಂಚು ಪಾಚಿ ಹಿಡಿದು ಬೇಗ ಮೆತ್ತಗಾಗುತ್ತದೆ. ಇನ್ನೊಂದು ಪರೀಕ್ಷೆ: ಹೆಂಚನ್ನು ಎರಡು ಇಟ್ಟಿಗೆ ಮೇಲೆ ಮಟ್ಟಸವಾಗಿಟ್ಟು ತೋಡಿನ ಎರಡೂ ತುದಿಗೆ ಮೇಣವೋ ಹಿಟ್ಟೋ ಮೆತ್ತಿ ನೀರು ತುಂಬಿ. ಆರು ಗಂಟೆ ಬಿಟ್ಟು ಕೆಳಗೆ ಮುಟ್ಟಿ ನೋಡಿ. ತಂಪಾಗಿ ಒದ್ದೆಯಿದ್ದರೆ ಪರವಾಗಿಲ್ಲ, ಹನಿ ನಿಂತಿರಬಾರದು.

ರೀಪಿನ ಅಂತರ ಸುಮಾರು ಹನ್ನೆರಡೂವರೆ ಇಂಚು. ಆದರೆ ಪುಸ್ತಕದ ಅಳತೆ ನಂಬದೆ, ತಂದ ಹೆಂಚನ್ನೇ ನಾಲ್ಕು ಸಾಲು ಇಟ್ಟು ನೋಡಿಯೇ ರೀಪು ಹೊಡೆಸಿ. ನಮ್ಮ ಗೆಳೆಯನೊಬ್ಬನ ಮನೆಯಲ್ಲಿ ರೀಪು ಮೊದಲು, ಹೆಂಚು ಆಮೇಲೆ ಬಂತು. ಅರ್ಧ ಇಂಚು ಜಾಸ್ತಿಯಾಗಿ ಇಡೀ ಮಾಡಿನ ರೀಪು ಬಿಚ್ಚಿ ಮತ್ತೆ ಹೊಡೆದರು.

ಹೆಂಚಿನ ಹಿಂದೆ ಮೂತಿಯಂಥ ಉಬ್ಬಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ತಂತಿ ಕಟ್ಟಲು. ಅದನ್ನು ಯಾರೂ ಬಳಸಲ್ಲ. ನಾನೂ ಬಳಸಿರಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ ಕರಾವಳಿಯ ಪಕ್ಕದಿಂದ ಹಾದುಹೋದಾಗ ಪಶ್ಚಿಮದ ಸೂರಿನ ಕೊನೆಯ ಎರಡು ಸಾಲು ಹೆಂಚು ಇಸ್ಪೀಟಿನ ಎಲೆ ಹಾಗೆ ಎದ್ದು ಅಂಗಳಕ್ಕೆ ಬಿತ್ತು. ಮಧ್ಯದ ಒಂದು ಹೆಂಚೂ ಕದಲಿರಲಿಲ್ಲ. ಗಾಳಿ ಹಿಡಿಯುವುದು ಅಂಚನ್ನು. ಈಗ ಸೂರಿನ ಎರಡು ಸಾಲು, ಎರಡೂ ಪಕ್ಕದ ಒಂದೊಂದು ಸಾಲು ತಾಮ್ರದ ತಂತಿಯಲ್ಲಿ ರೀಪಿಗೆ ಕಟ್ಟಿಸಿದ್ದೇನೆ. ಒಂದು ದಿನದ ಕೆಲಸ ಅಷ್ಟೇ.

ಹೆಂಚಿನ ಕಷ್ಟಗಳೂ ಇವೆ. ತೆಂಗಿನ ಮರದ ಕೆಳಗೆ ಹೆಂಚಿನ ಮಾಡು ಅಂದರೆ ವರ್ಷಕ್ಕೆ ಐದಾರು ಒಡೆದೇ ಒಡೆಯುತ್ತವೆ. ಫೋಂಡಾ, ಸತ್ತರಿ ಕಡೆ ಮಂಗಗಳ ಕಾಟ. ಎಲ್ಲಕ್ಕಿಂತ ದೊಡ್ಡದು, ಹೆಂಚಿನ ಮೇಲೆ ಒಡೆಯದೆ ನಡೆಯಲು ಬರುವವರು ಕಡಿಮೆಯಾಗಿದ್ದಾರೆ. ನಿಮ್ಮ ವಾಡೆಯಲ್ಲಿ (ಕೇರಿಯಲ್ಲಿ) ಅಂಥ ಒಬ್ಬರಾದರೂ ಇದ್ದಾರಾ ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ಹೆಂಚು ಎಷ್ಟೇ ಚೆಂದವಾದರೂ ನಿಮಗಲ್ಲ.

ಹೆಂಚೇ ಅಂತಾದರೆ ಕತ್ತಲೆ ಕೋಣೆಗೆ ಎರಡು ಗಾಜಿನ ಹೆಂಚು ಹಾಕಿಸಿ. ಎರಡು ಸಾಕು, ಜಾಸ್ತಿ ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಕೂರಲಾಗಲ್ಲ.

ಪತ್ರಾ

ಪತ್ರಾ ಅಂದರೆ ಒಂದೇ ವಸ್ತು ಅಲ್ಲ. ಬರೀ ಸತುವಿನ ಲೇಪನದ ಜಿಐ ಹಾಳೆ ಒಂದು. ಗ್ಯಾಲ್ವಾಲ್ಯೂಮ್ ಇನ್ನೊಂದು. ಅದರ ಲೇಪನದಲ್ಲಿ 55 ಭಾಗ ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತು, ಚೂರು ಸಿಲಿಕಾನ್. ಮೇಲೆ ಬಣ್ಣ. ನಮ್ಮ ಹವೆಗೆ ಗ್ಯಾಲ್ವಾಲ್ಯೂಮ್ ವಾಸಿ. "ಎಝಡ್ 150" ಅಂತ ಕೇಳಿ, ಅಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪನ. 70ರದ್ದೂ ಅದೇ ಬಣ್ಣದಲ್ಲಿ ಪಕ್ಕದಲ್ಲೇ ಪೇರಿಸಿರುತ್ತಾರೆ, ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ.

ದಪ್ಪದ ವಿಷಯದಲ್ಲಿ ನಾನೇ ಟೋಪಿ ಹಾಕಿಸಿಕೊಂಡವನು. 2016ರಲ್ಲಿ 0.50 ಮಿಲಿಮೀಟರ್ ಅಂತ ಬಿಲ್ಲು, ಮನೆಗೆ ಬಂದದ್ದು 0.40. ಆಮೇಲೆ ಗೊತ್ತಾಗಿದ್ದು, 0.50 ಅಂದರೆ ಕೂಡ ಎರಡು ಅರ್ಥ: ಬಣ್ಣ, ಲೇಪನ ಎಲ್ಲ ಸೇರಿದ ದಪ್ಪ ಟಿಸಿಟಿ, ಒಳಗಿನ ಉಕ್ಕಿನ ದಪ್ಪ ಮಾತ್ರ ಬಿಎಂಟಿ. ಯಾವುದು ಅಂತ ಬಿಲ್ಲಿನಲ್ಲೇ ಬರೆಸಿ. ಮೈಕ್ರೋಮೀಟರ್ ಇಲ್ಲದವರಿಗೆ ತಕ್ಕಡಿಯೇ ಸಾಕು. ನಾಲ್ಕಡಿ ಅಗಲದ ತಗಡಿನ ಸುರುಳಿಯಿಂದ ಮಾಡಿದ (ಉಬ್ಬು ತಗ್ಗು ಬಂದ ಮೇಲೆ ಅದು ಮೂರೂವರೆ ಅಡಿ ಆಸುಪಾಸು ಆಗುತ್ತದೆ) ಹತ್ತಡಿ ಉದ್ದದ ಹಾಳೆ, ಎಲ್ಲ ಸೇರಿ 0.50 ಇದ್ದರೆ, 13ರಿಂದ 14 ಕೆಜಿ ತೂಗಬೇಕು. ಹನ್ನೊಂದರ ಒಳಗೆ ಬಂದರೆ ಅದು 0.40. ಲಾರಿ ಇಳಿಸುವ ಮೊದಲೇ ಒಂದು ಹಾಳೆ ತೂಗಿ. ಇಳಿಸಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ಅಂಗಡಿಯವರು ಕೊಡುವ ವಾರಂಟಿ ಕಾಗದದಲ್ಲಿ ಸಮುದ್ರದಿಂದ ಇಷ್ಟು ದೂರದೊಳಗೆ ಅನ್ವಯಿಸುವುದಿಲ್ಲ ಅಂತ ಸಣ್ಣ ಅಕ್ಷರದ ಸಾಲು ಇದೆಯಾ ಹುಡುಕಿ. ಬೈನಾ, ಕೋಲ್ವಾ, ಕಲಂಗುಟ್ ಥರ ದಂಡೆಗೆ ಹತ್ತಿರದ ಮನೆಯಾದರೆ ಇದು ಮುಖ್ಯ. ಅಲ್ಲಿ ನಾನಾದರೆ ಹೆಂಚು ಅಥವಾ ಅಲ್ಯೂಮಿನಿಯಂ ಹಾಳೆ ನೋಡುತ್ತೇನೆ. ಅಲ್ಯೂಮಿನಿಯಂ ಹಗುರ, ಕೆಂಪು ತುಕ್ಕು ಬರಲ್ಲ. ಆದರೆ ಬರೀ ಕಬ್ಬಿಣಕ್ಕೆ ನೇರವಾಗಿ ತಾಗಿಸಿ ಉಪ್ಪು ಗಾಳಿಗೆ ಬಿಟ್ಟರೆ ತಾಗಿದ ಜಾಗ ತಿಂದುಹೋಗುತ್ತದೆ, ನಡುವೆ ರಬ್ಬರ್ ಪಟ್ಟಿ ಬೇಕು.

ಈಗ ಹಾಕುವ ಕೆಲಸ. ಇಲ್ಲಿ ಕೂತು ನೋಡಬೇಕಾದ ಐದಾರು ಸಂಗತಿ ಇವೆ, ಆ ಎರಡು ದಿನ ರಜೆ ಹಾಕಿ.

ಹಾಳೆಯನ್ನು ನೆತ್ತಿಯಿಂದ ಸೂರಿನವರೆಗೆ ಒಂದೇ ತುಂಡಾಗಿ ಕತ್ತರಿಸಿ ತರಿಸಿ. ನಡುವೆ ಜೋಡಣೆ ಇಲ್ಲದಿದ್ದರೆ ಅಲ್ಲಿ ಸೋರುವ ಪ್ರಶ್ನೆಯೇ ಇಲ್ಲ. ಇಲ್ಲಿಯ ಮಳೆಗಾಳಿ ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಪೂರ್ವದ ತುದಿಯಿಂದ ಶುರುಮಾಡಿ ಪಶ್ಚಿಮಕ್ಕೆ ಬರಬೇಕು, ಆಗ ಮೇಲಿನ ಹಾಳೆಯ ಅಂಚು ಗಾಳಿಗೆ ಬೆನ್ನು ಮಾಡಿರುತ್ತದೆ. ಕೆಲಸದವರು ಏಣಿ ಎಲ್ಲಿ ಇಟ್ಟಿದ್ದಾರೋ ಅಲ್ಲಿಂದ ಶುರುಮಾಡುತ್ತಾರೆ! ಸಾವಣೂರು ಕಡೆಯ ಹುಡುಗ ಒಬ್ಬ, ಒಳ್ಳೆ ಕೆಲಸಗಾರ, "ಏನೂ ಆಗಂಗಿಲ್ರೀ ಸಾಹೇಬ್ರ" ಅಂದ. ಆಗುತ್ತದೆ ಅಂತ ಹೇಳಿ ಏಣಿಯನ್ನು ನಾನೇ ಆ ಕಡೆ ಇಟ್ಟುಬಂದೆ.

ಕೆಳಗಿನ ಅಡ್ಡ ಪೈಪುಗಳ ನಡುವೆ ನಾಲ್ಕಡಿಗಿಂತ ಜಾಸ್ತಿ ಅಂತರ ಬೇಡ. ಕತ್ತರಿಸುವುದಿದ್ದರೆ ತಗಡು ಕತ್ತರಿಯಿಂದ. ಗ್ರೈಂಡರ್ ಹಚ್ಚಿದರೆ ಕಿಡಿ ಹಾರಿದಲ್ಲೆಲ್ಲ ಬಣ್ಣ, ಲೇಪನ ಸುಟ್ಟು ಒಂದೇ ಮಳೆಗೆ ಕೆಂಪು ಚುಕ್ಕಿ ಏಳುತ್ತದೆ. ಡ್ರಿಲ್ ಮಾಡಿದ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಮೃದುವಾದ ಪೊರಕೆಯಿಂದ ಗುಡಿಸಿ. ಒಂದು ರಾತ್ರಿ ಇಬ್ಬನಿ ಬಿದ್ದರೆ ಸಾಕು, ಕಲೆ ಹೋಗಲ್ಲ.

ಸ್ಕ್ರೂ. ಇದನ್ನು ಕೆಲಸದವರ ಮೇಲೆ ಬಿಡಬೇಡಿ, ನೀವೇ ಕೊಂಡು ಕೊಡಿ. ಸಮುದ್ರ ತೀರಕ್ಕೆ ಅಂತಲೇ ದಪ್ಪ ಲೇಪನದ್ದು ಬರುತ್ತದೆ, ಕ್ಲಾಸ್ 4 ಅಂತ ಕೇಳಿ. ವಾಷರ್ ಇಪಿಡಿಎಂ ರಬ್ಬರಿನದಾಗಿರಬೇಕು. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಎದ್ದು ಬರಬೇಕು. ಪ್ಲಾಸ್ಟಿಕ್ ಥರ ಗಟ್ಟಿ ಇದ್ದರೆ ಅದೇ ನನ್ನ 2016ರ ಸ್ಕ್ರೂ. ಬಿಗಿಯುವಾಗ ವಾಷರ್ ತಲೆಯ ಅಂಚಿನಿಂದ ಒಂದು ಕೂದಲೆಳೆಯಷ್ಟು ಹೊರಗೆ ಕಂಡರೆ ಸರಿ. ಹೂವಿನ ಹಾಗೆ ಅರಳಿ ಹೊರಗೆ ಬಂದರೆ ಜಾಸ್ತಿ ಬಿಗಿಯಾಗಿದೆ, ಎರಡು ಬೇಸಿಗೆಯಲ್ಲಿ ಒಡೆಯುತ್ತದೆ. ಓರೆಯಾಗಿ ಹೋದ ಸ್ಕ್ರೂ ಬಿಚ್ಚಿಸಿ, ಅದೇ ತೂತಿಗೆ ಒಂದು ಸೈಜು ದಪ್ಪದ್ದು ಹಾಕಿಸಿ. ಅಂಚಿನ ಸಾಲಿನಲ್ಲಿ, ನೆತ್ತಿಯ ಹತ್ತಿರ ಸ್ಕ್ರೂ ಒತ್ತೊತ್ತಾಗಿರಲಿ.

ಬಿಸಿಲು, ಸದ್ದು ಎರಡೂ ಪತ್ರಾದ ಜನ್ಮದ ಗುಣ. ಜುಲೈ ಮಳೆಯಲ್ಲಿ ಟಿವಿ ಕೇಳಲ್ಲ. ಹಾಳೆಯ ಕೆಳಗೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಹಾಸುತ್ತಾರಲ್ಲ, ಅದು ಕೆಲಸ ಮಾಡಬೇಕಾದರೆ ಪತ್ರಾಕ್ಕೂ ಅದಕ್ಕೂ ನಡುವೆ ಒಂದಿಂಚಾದರೂ ಗಾಳಿ ಇರಬೇಕು. ಅಂಟಿಸಿ ಹಾಕಿದರೆ ದುಡ್ಡು ದಂಡ. ತಿಳಿ ಬಣ್ಣದ ಹಾಳೆ ಆರಿಸಿ. ಹೆಂಚಿನ ಹಾಗೆ ಕಾಣಲಿ ಅಂತ ಕಡು ಕೆಂಪು ಆರಿಸಿದ ನನ್ನ ಅಡುಗೆಮನೆ ಮೇ ತಿಂಗಳಲ್ಲಿ ತಂದೂರು.

ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಹೆಂಚು

ಗೋವಾದಲ್ಲಿ ಈಗ ಎಲ್ಲೆಲ್ಲೂ ಇದೇ: ಇಳಿಜಾರಾಗಿ ಕಾಂಕ್ರೀಟ್ ಹಾಕಿ, ಮೇಲೆ ಸಿಮೆಂಟಿನಿಂದ ಹೆಂಚು ಅಂಟಿಸುವುದು. ನೋಡಲು ಲಕ್ಷಣ. ಆದರೆ ಹೆಂಚಿನ ಕೆಳಗೆ ಹೋದ ನೀರಿಗೆ ಹೊರಬರಲು ದಾರಿ ಇಲ್ಲ, ಸ್ಲ್ಯಾಬಿನಲ್ಲಿ ಕೂದಲೆಳೆ ಬಿರುಕಿದ್ದರೂ ಒಳಗೆ ಇಳಿಯುತ್ತದೆ, ಎಲ್ಲಿಂದ ಅಂತ ಹುಡುಕಬೇಕಾದರೆ ಅಂಟಿಸಿದ ಹೆಂಚನ್ನೆಲ್ಲ ಒಡೆಯಬೇಕು. ಮಾಡಿಸುವುದೇ ಆದರೆ ಸ್ಲ್ಯಾಬಿಗೆ ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ನೀರು ಹರಿದುಹೋಗುವ ಹಾಗೆ ರೀಪು ಹೊಡೆದು, ಅದರ ಮೇಲೆ ಹೆಂಚನ್ನು ಸುಮ್ನೆ ಕೂರಿಸಿ.

ಸಪಾಟು ಸ್ಲ್ಯಾಬಾದರೆ ಮುಂಬೈನವರ ಇಟ್ಟಿಗೆ ಕೋಬಾ ಗೊತ್ತಲ್ಲ, ಇಟ್ಟಿಗೆ ಚೂರು ಗಾರೆಯಲ್ಲಿ ಕೂರಿಸಿ ಇಳಿಜಾರು ಕೊಡುವುದು, ಅದು ಈಗಲೂ ನಡೆಯುತ್ತದೆ, ಭಾರ ಮಾತ್ರ ಜಾಸ್ತಿ. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಲಿ. ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಮೂರು ದಿನ ನೀರು ನಿಲ್ಲಿಸಿ ನೋಡಿ. ಸೋರುವ ಸ್ಲ್ಯಾಬಿನ ಮೇಲೆ ಪತ್ರಾ ಶೆಡ್ ಹಾಕುವುದು ಮುಂಬೈ, ವಾಸ್ಕೋ ಎರಡೂ ಕಡೆ ಸಾಮಾನ್ಯ. ಅದು ತಪ್ಪಲ್ಲ, ಆದರೆ ಅನುಮತಿ ಬೇಕು.

ಉಳಿದವು, ಚುಟುಕಾಗಿ

ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಅಗ್ಗ, ತಂಪು, ತುಕ್ಕು ಇಲ್ಲ. ಆದರೂ ಬೇಡ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಈಗಾಗಲೇ ಇದ್ದರೆ ಗಾಬರಿ ಬೇಡ, ಅದನ್ನು ಕೊರೆಯಬೇಡಿ, ಉಜ್ಜಿ ತೊಳೆಯಬೇಡಿ. ತೆಗೆಯುವಾಗ ನೀರು ಹಾಕಿ ನೆನೆಸಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಸಿ, ಒಡೆಯದೆ ಇಡಿಯಾಗಿ ಇಳಿಸಿ. ಮಕ್ಕಳು ಸುತ್ತ ಇರಬಾರದು. ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಶೀಟುಗಳೂ ಸಿಗುತ್ತವೆ, ಹಾಗೆಂದು ಬಿಲ್ಲಿನಲ್ಲಿ ಬರೆದುಕೊಡುತ್ತಾರಾ ಕೇಳಿ.

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಶೀಟಿನಲ್ಲಿ ಸದ್ದು ಕಡಿಮೆ, ಉಪ್ಪು ಗಾಳಿಗೆ ಜಗ್ಗಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಹಾಗಾಗಿ ಸ್ಕ್ರೂಗಿಂತ ದೊಡ್ಡ ತೂತು ಮೊದಲೇ ಕೊರೆಯಬೇಕು. ಪಾಲಿಕಾರ್ಬೊನೇಟ್ ಪಡಸಾಲೆ, ಕಾರು ನಿಲ್ಲಿಸುವ ಜಾಗಕ್ಕೆ ಸರಿ, ಮಲಗುವ ಕೋಣೆಗಲ್ಲ. ಡಾಂಬರಿನ ಶಿಂಗಲ್ಸ್ (ಪ್ಲೈವುಡ್ ಮೇಲೆ ಸಾಲಾಗಿ ಹೊಡೆಯುವ ತೆಳು ಹಾಳೆ) ರೆಸಾರ್ಟ್‌ಗಳಲ್ಲಿ ನೋಡಿ ಆಸೆಪಡಬೇಡಿ, ಅದರ ಕೆಳಗಿನ ಪ್ಲೈವುಡ್ ನಮ್ಮ ತೇವಕ್ಕೆ ಕೊಳೆತರೆ ಎಲ್ಲ ಹೋಯಿತು.

ಗೋಡೆ ಸಂದಿ, ಗಟರ್

ಮಾಡು ಗೋಡೆಗೆ ತಾಗುವ ಜಾಗ ಇದೆಯಲ್ಲ, ನೂರಕ್ಕೆ ನೂರು ಅಲ್ಲೊಮ್ಮೆ ಸೋರುತ್ತದೆ. ಕೆಲಸದವರು ಸಿಮೆಂಟ್ ಮೆತ್ತಿ ಕೈ ತೊಳೆದುಕೊಳ್ಳುತ್ತಾರೆ. ಪತ್ರಾ ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಇಲ್ಲ, ಡಿಸೆಂಬರ್‌ಗೆ ಬಿರುಕು. ಸಾಲದ್ದಕ್ಕೆ ಹಸಿ ಸಿಮೆಂಟು ಗ್ಯಾಲ್ವಾಲ್ಯೂಮ್ ಲೇಪನವನ್ನೂ ತಿನ್ನುತ್ತದೆ. ಸರಿಯಾದ ಕ್ರಮ: ಗೋಡೆಯಲ್ಲಿ ಒಂದಿಂಚು ಆಳದ ಗೀರು ಕೊರೆದು, ತಗಡಿನ ಮಡಿಕೆ ಪಟ್ಟಿಯ ಮೇಲಂಚನ್ನು ಅದರೊಳಗೆ ತೂರಿಸಿ, ಸೀಲಂಟ್ ತುಂಬಿ, ಕೆಳಂಚು ಹಾಳೆಯ ಮೇಲೆ ಆರಿಂಚಾದರೂ ಇಳಿದು ಬರಬೇಕು. ಹೆಂಚಿಗೂ ಇದೇ.

ಗಟರ್ ಲೆಕ್ಕ: ನಮ್ಮ 1015 ಚದರ ಅಡಿ ಮಾಡಿನ ಮೇಲೆ ಒಂದು ಗಂಟೆಗೆ 50 ಮಿಲಿಮೀಟರ್ ಸುರಿದರೆ 4700 ಲೀಟರ್ ನೀರು. ನಾಲ್ಕಿಂಚಿನ ಒಂದೇ ಇಳಿ ಪೈಪು ಕೊಟ್ಟು ಮೂಲೆಯಲ್ಲಿ ಎಲೆ ಸಿಕ್ಕಿಕೊಂಡರೆ ಏನಾಗುತ್ತದೆ ಯೋಚಿಸಿ. ಆರಿಂಚಿನ ಗಟರ್, ಎರಡೂ ತುದಿಗೆ ಪೈಪು. ಪಕ್ಕದಲ್ಲಿ ಮಾವಿನ ಮರ ಇದ್ದರೆ ಗಟರೇ ಬೇಡ, ನೀರು ನೇರ ಬೀಳಲಿ, ಕೆಳಗೆ ಚಿರೆಕಲ್ಲಿನ ತೋಡು ಮಾಡಿ.

ಯಾವಾಗ, ಯಾರ ಅನುಮತಿ

ಗೋವಾಕ್ಕೆ ಮಳೆ ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತದೆ. ಎಲ್ಲರಿಗೂ ಮಾಡು ನೆನಪಾಗುವುದು ಮೇ ತಿಂಗಳಲ್ಲಿ, ಆಗ ಹೆಂಚೂ ಇಲ್ಲ, ಕೆಲಸದವರೂ ಇಲ್ಲ. ಅವರು ಜಾತ್ರೆಗೆ, ಬಿತ್ತನೆಗೆ ಊರಿಗೆ ಹೋಗಿರುತ್ತಾರೆ. ಚವತಿ ಮುಗಿದ ಮೇಲೆ, ಸೋರಿದ ಜಾಗ ಇನ್ನೂ ನೆನಪಿರುವಾಗಲೇ ದರ ವಿಚಾರಿಸಿ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿ. ದರ ಕೇಳುವಾಗ ಹಾಳೆ ಅಥವಾ ಹೆಂಚು, ಚೌಕಟ್ಟು, ಸ್ಕ್ರೂ ಮತ್ತು ಮಡಿಕೆ ಪಟ್ಟಿ, ಕೂಲಿ, ಹಳೇದನ್ನು ಇಳಿಸಿ ಸಾಗಿಸುವುದು, ಎಲ್ಲ ಬೇರೆ ಬೇರೆ ಬರೆಸಿಕೊಳ್ಳಿ.

ರಿಪೇರಿ ಅಂತಾದರೂ ಹಳ್ಳಿಯಲ್ಲಿ ಪಂಚಾಯತ್, ಪಟ್ಟಣದಲ್ಲಿ ಪಾಲಿಕೆಗೆ ಮೊದಲೇ ಅರ್ಜಿ ಹಾಕಿ ಕಾಗದ ತೆಗೆದುಕೊಳ್ಳಿ. ಎತ್ತರ ಹೆಚ್ಚಿಸಿದರೆ, ಹೆಂಚಿನ ಬದಲು ಸ್ಲ್ಯಾಬ್ ಹಾಕಿದರೆ ಅದು ರಿಪೇರಿ ಅಲ್ಲ. ಸಮುದ್ರ, ನದಿ ದಂಡೆಯ ಹತ್ತಿರ ಕರಾವಳಿ ನಿಯಂತ್ರಣ ವಲಯದ ನಿಯಮವೂ ಸೇರಿಕೊಳ್ಳುತ್ತದೆ. ಪಕ್ಕದ ಮನೆಯವರು ದೂರು ಕೊಟ್ಟು ಅರ್ಧ ಮಾಡು ತೆರೆದಿರುವಾಗ ಕೆಲಸ ನಿಂತರೆ ತಾಡಪತ್ರಿ ಕೆಳಗೆ ಬದುಕಬೇಕಾಗುತ್ತದೆ.

ಕೊನೆಯ ಕಂತು ಕೊಡುವ ಮೊದಲು ಒಂದು ಕೆಲಸ ಇದೆ. ಪೈಪು ಹಿಡಿದು ಒಬ್ಬರು ಮೇಲೆ, ಟಾರ್ಚ್ ಹಿಡಿದು ಒಬ್ಬರು ಒಳಗೆ. ಸೂರಿನಿಂದ ಶುರುಮಾಡಿ ನೆತ್ತಿಯ ಕಡೆಗೆ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು ಬಿಡಿ. ಮೇಲಿನಿಂದ ಶುರುಮಾಡಿದರೆ ಎಲ್ಲಿ ಸೋರಿತು ಗೊತ್ತಾಗಲ್ಲ. ಗೋಡೆ ಸಂದಿಗೆ ಇಪ್ಪತ್ತು ನಿಮಿಷ ಕೊಡಿ. ಕೆಲಸದವರು ಅಲ್ಲೇ ಇರಲಿ, ಏಣಿಯೂ ಅಲ್ಲೇ ಇರಲಿ. ಐವತ್ತು ಹೆಂಚು ಅಥವಾ ಒಂದು ಡಬ್ಬಿ ಸ್ಕ್ರೂ ಉಳಿಸಿಕೊಂಡು ಮಂಚದ ಕೆಳಗೆ ಇಡಿ. ಆಮೇಲೆ ಕೊಡಿ ದುಡ್ಡು.